ಹಳೇ ಕ್ಯೂ7 / ಜಿಎಲ್‌ಎಸ್ / ಎಕ್ಸ್‌ಸಿ90: ದಿಲ್ಲಿಯಿಂದ ತರಿಸೋದಾ, ಇಲ್ಲೇ ಹುಡುಕೋದಾ?

ತೀರ್ಥಹಳ್ಳಿ_ಅಡಿಕೆ:

ಎಲ್ಲರಿಗೂ ನಮಸ್ಕಾರ. ಒಂದು ದೊಡ್ಡ ಗಾಡಿ ತಗೊಳ್ಳೋ ಯೋಚನೆ ಇದೆ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಮನೆಯಲ್ಲಿ ಏಳು ಜನ: ಅಪ್ಪ, ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು, ಜೊತೆಗೆ ಅಜ್ಜಿ. ಈಗ ಹಳೇ ಇನ್ನೋವಾ ಇದೆ. ಅದರ ಬಗ್ಗೆ ದೂರು ಏನೂ ಇಲ್ಲ, ಆದರೆ ಒಂದೇ ಗಾಡಿ ಓಡಿಸಿ ಓಡಿಸಿ ಬೇಜಾರಾಗಿದೆ, ಮತ್ತೆ ಜೀವನದಲ್ಲಿ ಒಂದು ಸಲವಾದರೂ ವಿ6 (ಆರು ಸಿಲಿಂಡರಿನ) ಡೀಸೆಲ್ ಇಟ್ಟುಕೊಳ್ಳಬೇಕು ಅನ್ನೋದು ಕಾಲೇಜು ದಿನದ ಆಸೆ.

ಬಜೆಟ್ ಎಲ್ಲಾ ಸೇರಿ 30 ಲಕ್ಷ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೂ ಮನೆಯಲ್ಲಿ ಮಾತುಕತೆ ಬೇರೆ ರೀತಿ ಹೋಗುತ್ತದೆ.

ನೋಡಿಟ್ಟಿರೋದು ಮೂರು. 2017ರ ಆಡಿ ಕ್ಯೂ7 3.0 ಟಿಡಿಐ, ಅದೇ ಸುಮಾರಿನ ಮರ್ಸಿಡಿಸ್ ಜಿಎಲ್‌ಎಸ್ 350ಡಿ, ಮತ್ತೆ ವೋಲ್ವೋ ಎಕ್ಸ್‌ಸಿ90 ಡೀಸೆಲ್. ದಿಲ್ಲಿ ಕರೋಲ್ ಬಾಗ್‌ನ ಒಬ್ಬ ಡೀಲರ್ ಕ್ಯೂ7ಗೆ 21 ಲಕ್ಷ ಹೇಳುತ್ತಿದ್ದಾನೆ. 52 ಸಾವಿರ ಕಿ.ಮೀ. ಓಡಿದೆಯಂತೆ, ಫೋಟೋದಲ್ಲಿ ಫಳಫಳ ಅಂತಿದೆ. ಬೆಂಗಳೂರಿನಲ್ಲಿ ಅದೇ ವರ್ಷದ, 80 ಸಾವಿರ ದಾಟಿದ ಗಾಡಿಗೆ 29 ಕೇಳುತ್ತಿದ್ದಾರೆ. ಎಂಟು ಲಕ್ಷ ವ್ಯತ್ಯಾಸ ಯಾಕೆ? ಇದರಲ್ಲಿ ಏನೋ ಇದೆ ಅಂತ ಮನಸ್ಸು ಹೇಳುತ್ತಿದೆ, ಆದರೆ ಏನು ಅಂತ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ, ನಾವಿರೋದು ತೀರ್ಥಹಳ್ಳಿ ಹತ್ತಿರ. ಬೆಂಗಳೂರಿಗೆ 300 ಕಿ.ಮೀ. ಮೇಲೆ. ಮಳೆಗಾಲದ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಂಥ ಗಾಡಿಯನ್ನು ಇಲ್ಲಿ ಇಟ್ಟುಕೊಂಡು ಬದುಕೋಕೆ ಆಗುತ್ತಾ? ಓಡಿಸಿದವರು, ರಿಪೇರಿ ಮಾಡಿದವರು ಹೇಳಿ. "ಇನ್ನೋವಾನೇ ಇಟ್ಕೊ" ಅನ್ನೋರೂ ಹೇಳಬಹುದು, ಬೇಜಾರಿಲ್ಲ.

ಆರ್‌ಟಿಒ_ಅಲೆಮಾರಿ:

ಎಂಟು ಲಕ್ಷ ಎಲ್ಲಿ ಹೋಯಿತು ಅನ್ನೋದಕ್ಕೆ ಉತ್ತರ ನನ್ನ ಹತ್ತಿರ ಇದೆ ಸರ್. ಅರ್ಧ ಉತ್ತರ ದಿಲ್ಲಿಯಲ್ಲಿದೆ, ಇನ್ನರ್ಧ ನಮ್ಮ ಆರ್‌ಟಿಒದಲ್ಲಿದೆ.

ಮೊದಲು ದಿಲ್ಲಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ಮಾಲೀಕರ ಮೇಲೆ ಸದ್ಯಕ್ಕೆ ಬಲವಂತದ ಕ್ರಮ ಬೇಡ ಅಂದಿತು. ಆದರೆ ಅಲ್ಲಿನ ಕೊಳ್ಳುವವರ ಮನಸ್ಸಿನಲ್ಲಿ ಹೆದರಿಕೆ ಕೂತುಬಿಟ್ಟಿದೆ. ಅದು ಸಾಲದು ಅಂತ ಚಳಿಗಾಲದಲ್ಲಿ ಗಾಳಿ ತೀರಾ ಕೆಟ್ಟಾಗ ಬಿಎಸ್4 (ಹೊಗೆ ಮಿತಿಯ ಹಿಂದಿನ ಮಾನದಂಡ, ಈಗಿನದು ಬಿಎಸ್6) ಡೀಸೆಲ್ ಕಾರುಗಳನ್ನು ರಸ್ತೆಗೇ ಬಿಡಲ್ಲ. ನೀವು ನೋಡಿರೋ 2017ರ ಕ್ಯೂ7 ಬಿಎಸ್4 ಡೀಸೆಲ್. 2027ಕ್ಕೆ ಅದಕ್ಕೆ ಹತ್ತು ತುಂಬುತ್ತದೆ. ಹಾಗಾಗಿ ಅಲ್ಲಿ ಅದನ್ನು ಕೇಳುವವರು ಕಡಿಮೆ, ಬೆಲೆ ಬಿದ್ದಿದೆ. ಗಾಡಿಯಲ್ಲಿ ದೋಷ ಇರಲೇಬೇಕು ಅಂತೇನೂ ಇಲ್ಲ. ಕರ್ನಾಟಕದಲ್ಲಿ ಖಾಸಗಿ ಡೀಸೆಲ್ ಕಾರಿಗೆ ಆ ಹತ್ತು ವರ್ಷದ ನಿಯಮ ಇಲ್ಲ, ಅದಕ್ಕೇ ಅಲ್ಲಿಂದ ಲಾರಿ ಲಾರಿ ಗಾಡಿ ದಕ್ಷಿಣಕ್ಕೆ ಬರುತ್ತಿವೆ.

ಈಗ ನಮ್ಮ ಕಡೆ. ನಿಮ್ಮ ಹೆಸರಿಗೆ, ಶಿವಮೊಗ್ಗದ ವಿಳಾಸಕ್ಕೆ ಆರ್‌ಸಿ ಬರಬೇಕಾದರೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಇಲ್ಲಿ ಎಲ್ಲರೂ ಎಡವುತ್ತಾರೆ. ತೆರಿಗೆ ನೀವು ಕೊಟ್ಟ 21 ಲಕ್ಷದ ಮೇಲೆ ಅಲ್ಲ. ಗಾಡಿ ಹೊಸದಾಗಿದ್ದಾಗಿನ ಬೆಲೆಯಿಂದ ಲೆಕ್ಕ ಶುರುವಾಗುತ್ತದೆ, ಆಮೇಲೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. 20 ಲಕ್ಷ ಮೀರಿದ ಹೊಸ ಕಾರಿಗೆ ಇಲ್ಲಿ ಶೇ. 18 ತೆರಿಗೆ, ಅದರ ಮೇಲೆ ಸೆಸ್, ಹತ್ತಿರ ಹತ್ತಿರ ಶೇ. 20. ಆ ಕ್ಯೂ7ನ ಮೂಲ ಬೆಲೆ 75 ಲಕ್ಷ ಅಂತ ಹಿಡಿಯಿರಿ. ಹೊಸದಾಗಿದ್ದರೆ 15 ಲಕ್ಷ ತೆರಿಗೆ. ಎಂಟು ಒಂಬತ್ತು ವರ್ಷದ ಗಾಡಿಗೆ ಅದರ ಅರ್ಧದ ಆಸುಪಾಸು ಬರುತ್ತದೆ, ಅಂದರೆ ಏಳೆಂಟು ಲಕ್ಷ. ಈಗ 21ಕ್ಕೆ ಕೂಡಿಸಿ ನೋಡಿ. ಬೆಂಗಳೂರಿನ 29 ಎಲ್ಲಿಂದ ಬಂತು ಗೊತ್ತಾಯಿತಲ್ವಾ?

ಡೀಲರ್ ಹೇಳುವ "ಒಂದು ವರ್ಷ ದಿಲ್ಲಿಯ ಡಿಎಲ್ ನಂಬರಿನಲ್ಲೇ ಓಡಿಸಿ ಸರ್, ಏನೂ ಆಗಲ್ಲ" ಅನ್ನೋ ಮಾತು ಕೇಳಬೇಡಿ. 12 ತಿಂಗಳ ಅವಕಾಶ ಇರೋದು ಬೇರೆ ರಾಜ್ಯದಿಂದ ಗಾಡಿ ಸಮೇತ ಬಂದವರಿಗೆ. ನೀವು ಇಲ್ಲೇ ಹುಟ್ಟಿ ಇಲ್ಲೇ ಇರೋರು. ಗಾಡಿ ಬೇರೆಯವರ ಹೆಸರಲ್ಲಿ ಬಿಟ್ಟು ನೀವು ಓಡಿಸಿದರೆ ಅಪಘಾತ ಆದ ದಿನ ವಿಮೆಯವರು ಮೊದಲು ಕೇಳೋದೇ ಅದನ್ನ. ತೆರಿಗೆ ಉಳಿಸೋಕೆ ಪಾಂಡಿಚೇರಿ ನಂಬರ್ ಹಾಕಿಸಿದ ದೊಡ್ಡ ಕಾರುಗಳನ್ನು ಬೆಂಗಳೂರಿನಲ್ಲಿ ಆರ್‌ಟಿಒದವರು ಹುಡುಕಿ ಹುಡುಕಿ ಹಿಡಿದಿದ್ದಾರೆ, ನೆನಪಿರಲಿ.

ಕಾಗದದ ವಿಷಯ ಬೇಗ ಮುಗಿಸ್ತೀನಿ. ಹೊರ ರಾಜ್ಯದ್ದಾದರೆ ಫಾರ್ಮ್ 28ರ ಎನ್‌ಒಸಿ (ಹಳೇ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಮಾಲೀಕತ್ವ ಬದಲಿಸೋಕೆ ಮಾರುವವರು ಸಹಿ ಮಾಡಿದ ಫಾರ್ಮ್ 29 ಮತ್ತು 30, ಸಾಲ ಇದ್ದಿದ್ದರೆ ಅದು ತೀರಿದೆ ಅನ್ನೋ ಬ್ಯಾಂಕಿನ ಫಾರ್ಮ್ 35. ದಂಡದ ಚಲನ್ ಬಾಕಿ ಇದ್ದರೆ ಮೊದಲು ಅದನ್ನು ಮಾರುವವರ ಕೈಯಲ್ಲೇ ಕಟ್ಟಿಸಿ. ಎನ್‌ಒಸಿ ಕೈಗೆ ಬರೋವರೆಗೆ ಪೂರ್ತಿ ಹಣ ಕೊಡಬೇಡಿ, ಯಾರೇ ಎಷ್ಟೇ ಸಿಹಿಯಾಗಿ ಮಾತಾಡಲಿ. ದಿಲ್ಲಿಯಲ್ಲಿ ಕಟ್ಟಿದ ಹಳೇ ತೆರಿಗೆಯಲ್ಲಿ ಸ್ವಲ್ಪ ವಾಪಸ್ ಬರುತ್ತೆ ಅಂತಾನೂ ಹೇಳುತ್ತಾರೆ. ದಾರಿ ಇದೆ ನಿಜ, ಆದರೆ ಆ ಹಣವನ್ನು ಬಜೆಟ್‌ನಲ್ಲಿ ಸೇರಿಸಬೇಡಿ. ಬಂದರೆ ಬಂತು.

ಪಾನಾ_ಸ್ಕ್ರೂಡ್ರೈವರ್:

ನಾನು ಬೆಂಗಳೂರಿನಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಜಾಸ್ತಿ ಬರೋದು ಜರ್ಮನ್ ಗಾಡಿಗಳೇ. ಮೇಲಿನವರು ತೆರಿಗೆ ಬಗ್ಗೆ ಹೇಳಿದ ಮಾತು ರಿಪೇರಿಗೂ ಹಾಗೇ ಅನ್ವಯಿಸುತ್ತದೆ ಸರ್. ಗಾಡಿ 75ರಿಂದ 21ಕ್ಕೆ ಇಳಿದಿರಬಹುದು, ಅದರ ಬಿಡಿ ಭಾಗ ಇಳಿದಿಲ್ಲ. ಹೆಡ್‌ಲೈಟ್ ಒಡೆದರೆ 75 ಲಕ್ಷದ ಗಾಡಿಯ ಹೆಡ್‌ಲೈಟ್ ಬೆಲೆಯೇ ಕೊಡಬೇಕು.

52 ಸಾವಿರ ಕಿ.ಮೀ. ಅನ್ನೋದನ್ನು ಮೊದಲು ಮರೆತುಬಿಡಿ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣೋ ಅಂಕಿ ತಿರುಗಿಸೋದು ಅರ್ಧ ಗಂಟೆ ಕೆಲಸ. ಆದರೆ ಈ ಗಾಡಿಗಳಲ್ಲಿ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ಓಟದ ಲೆಕ್ಕ ಉಳಿದಿರುತ್ತದೆ, ತಿರುಗಿಸಿದವನು ಎಲ್ಲವನ್ನೂ ಮುಟ್ಟಿರಲ್ಲ. ಸರಿಯಾದ ಸ್ಕ್ಯಾನರ್ ಇರೋರ ಹತ್ತಿರ ಓದಿಸಿ. ರಸ್ತೆ ಬದಿಯ ಎರಡು ಸಾವಿರದ ಬ್ಲೂಟೂತ್ ಸಾಧನ ಸಾಲದು. ಮರ್ಸಿಡಿಸ್‌ಗೆ ಜೆಂಟ್ರಿ, ಆಡಿಗೆ ಓಡಿಸ್ ಅಥವಾ ವಿಸಿಡಿಎಸ್ ಅನ್ನೋ ಸಾಫ್ಟ್‌ವೇರ್ ಬೇಕು. ಇನ್ನೊಂದು ದಾರಿ, ಚಾಸಿ ನಂಬರ್ ಹಿಡಿದು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೇ ಸರ್ವಿಸ್ ಇತಿಹಾಸ ಕೇಳೋದು. ಮಾಲೀಕರೇ ಕೇಳಿದರೆ ಕೊಡುತ್ತಾರೆ. ಮಾಲೀಕರು ಕೇಳೋಕೆ ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ತಿಳ್ಕೊಳ್ಳಿ.

ಏರ್ ಸಸ್ಪೆನ್ಷನ್. ಇದು ಈ ಜಾತಿಯ ಗಾಡಿಗಳ ದೊಡ್ಡ ಸುಖ, ದೊಡ್ಡ ಖರ್ಚು ಎರಡೂ. ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಗಾಡಿ ನಿಂತಿರುತ್ತದೆ. ವರ್ಷ ಕಳೆದ ಹಾಗೆ ರಬ್ಬರ್ ಬಿರುಕು ಬಿಡುತ್ತದೆ, ಗಾಳಿ ಸಣ್ಣಗೆ ಸೋರುತ್ತದೆ, ಅದನ್ನು ತುಂಬಿಸೋಕೆ ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ, ಕೊನೆಗೆ ಅದೂ ಸುಟ್ಟು ಹೋಗುತ್ತದೆ. ಸೋರೋ ಚೀಲ ಬಿಟ್ಟು ಕಂಪ್ರೆಸರ್ ಮಾತ್ರ ಬದಲಿಸಿ ಮಾರುವವರು ಇದ್ದಾರೆ, ಮೂರು ತಿಂಗಳಲ್ಲಿ ಹೊಸದೂ ಹೋಗುತ್ತದೆ. ಕಂಪನಿ ಭಾಗ ಹಾಕಿಸಿದರೆ ಒಂದು ಮೂಲೆಗೆ ಲಕ್ಷ ದಾಟಬಹುದು. ಪರೀಕ್ಷೆ ಸುಲಭ: ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲಿನ ಕಮಾನಿನ ಎತ್ತರ ಟೇಪಿನಲ್ಲಿ ಅಳೆಯಿರಿ, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಅಲ್ಲೇ ಸೋರಿಕೆ. ಇದನ್ನು ಮಾಡೋಕೆ ಬಿಡದ ಡೀಲರ್ ಹತ್ತಿರ ಗಾಡಿ ತಗೊಳ್ಳಬೇಡಿ. ದಿಲ್ಲಿಯಲ್ಲಿ ಕೂತ ಗಾಡಿಗೆ ಇದನ್ನು ಯಾರು ಮಾಡುತ್ತಾರೆ ಹೇಳಿ?

ನೀರು ನುಗ್ಗಿದ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಯಮಲೂರು, ರೈನ್‌ಬೋ ಡ್ರೈವ್ ಕಡೆ ಎಂಥೆಂಥ ಕಾರು ಮುಳುಗಿದವು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಚೆನ್ನೈನಲ್ಲಿ 2015ರಲ್ಲಿ, ಮತ್ತೆ 2023ರಲ್ಲಿ. ಆ ಗಾಡಿಗಳೆಲ್ಲ ಗುಜರಿಗೇ ಹೋದವು ಅಂತ ನಂಬಬೇಡಿ. ಸೀಟ್ ಬೆಲ್ಟ್ ಪೂರ್ತಿ ಕೊನೆವರೆಗೆ ಎಳೆಯಿರಿ, ಕೆಸರಿನ ಗೆರೆ ಇದೆಯಾ ನೋಡಿ. ಸ್ಟೆಪ್ನಿ ಇಡೋ ಗುಂಡಿಯಲ್ಲಿ ಕೈ ಹಾಕಿ. ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯಾ ನೋಡಿ. ಕ್ಯೂ7ನಲ್ಲಿ ಬ್ಯಾಟರಿಯೇ ಮುಂದಿನ ಸೀಟಿನ ಕೆಳಗೆ ಇರುತ್ತದೆ, ಆ ಜಾಗ ತೆಗೆಸಿ ನೋಡಿದರೆ ಕಥೆ ಗೊತ್ತಾಗುತ್ತದೆ. ಒಳಗೆ ಜೋರು ಸೆಂಟಿನ ವಾಸನೆ ಹೊಡೆಯುತ್ತಿದ್ದರೆ ನನಗಂತೂ ಅನುಮಾನ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 1421 ಅಂದರೆ 2021ರ 14ನೇ ವಾರ. ಈ ಅಳತೆಯ ನಾಲ್ಕು ಟೈರು ಹೊಸದು ಹಾಕಿಸೋಕೆ ಲಕ್ಷದ ಹತ್ತಿರ ಹೋಗುತ್ತದೆ, ಆದ್ದರಿಂದ ಹಳೇ ಟೈರು ಇದ್ದರೆ ಬೆಲೆಯಲ್ಲಿ ಕಳೆಯಿರಿ. ಗಾಜಿನ ಮೂಲೆಯಲ್ಲೂ ತಯಾರಾದ ವರ್ಷದ ಗುರುತು ಇರುತ್ತದೆ, ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಯಾಕೆ ಅಂತ ಕೇಳಿ.

ತೀರ್ಥಹಳ್ಳಿ_ಅಡಿಕೆ:

ಅಬ್ಬಾ. ತೆರಿಗೆ ಲೆಕ್ಕ ನೋಡಿ ತಲೆ ತಿರುಗಿತು. ಡೀಲರ್ ಹತ್ತಿರ ಫೋನ್ ಮಾಡಿ ಕೇಳಿದೆ, "ಕರ್ನಾಟಕದ ತೆರಿಗೆ ನಿಮ್ಮದು ಸರ್, ಅದು ನಮಗೆ ಸಂಬಂಧ ಇಲ್ಲ" ಅಂತ ಹಿಂದಿಯಲ್ಲಿ ನಿರಾಳವಾಗಿ ಹೇಳಿದ. ಮೊದಲು ಯಾಕೆ ಹೇಳಲಿಲ್ಲ ಅಂದರೆ "ನೀವು ಕೇಳಲಿಲ್ಲವಲ್ಲ"!

ಹಾಗಾದರೆ ದಿಲ್ಲಿ ಬಿಟ್ಟೆ. ಕೆಎ ನಂಬರಿನದ್ದೇ ನೋಡುತ್ತೇನೆ. ಮೂರರಲ್ಲಿ ಯಾವುದು? ಅಜ್ಜಿಗೆ ಹತ್ತಿ ಇಳಿಯೋಕೆ ಆಗಬೇಕು, ಮೂರನೇ ಸಾಲಿನಲ್ಲಿ ಯಾರಾದರೂ ದೊಡ್ಡವರು ಕೂರಬೇಕು.

ಹೈವೇ_ಹಕ್ಕಿ:

ನಾನು ಇಂಥದ್ದೇ ಒಂದು ಇಟ್ಟುಕೊಂಡಿದ್ದೇನೆ, ಹುಬ್ಬಳ್ಳಿಯಲ್ಲಿ. ಯಾವ ಬ್ರ್ಯಾಂಡ್ ಅಂತ ಹೇಳಲ್ಲ, ಹೇಳಿದರೆ ಇಲ್ಲಿ ಜಗಳ ಶುರುವಾಗುತ್ತದೆ. ರಸ್ತೆ ಮೇಲೆ ಅದರ ಸುಖಕ್ಕೆ ಸಾಟಿ ಇಲ್ಲ ಅಣ್ಣ. ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ಕೂತರೆ ಇಳಿಯೋಕೆ ಮನಸ್ಸಾಗಲ್ಲ, ಅಮ್ಮ ಹಿಂದಿನ ಸೀಟಿನಲ್ಲಿ ಮಲಗಿದರೆ ತುಮಕೂರು ಬಂದಾಗಲೇ ಎಚ್ಚರ. ಆದರೆ ಸಾಕೋದು ಆನೆ ಸಾಕಿದ ಹಾಗೆ.

ನನ್ನ ಅನುಭವದಲ್ಲಿ ದೊಡ್ಡ ರಿಪೇರಿಗಿಂತ ಕಾಯೋದೇ ಹೆಚ್ಚು ಬೇಜಾರು. ಒಂದು ಸೆನ್ಸರ್ ಹೋಯಿತು, ಗಾಡಿ ನಿಧಾನ ಗತಿಗೆ ಬಿತ್ತು, ಊರಿನಲ್ಲಿ ನೋಡುವವರಿಲ್ಲ. ಫ್ಲಾಟ್‌ಬೆಡ್ ಲಾರಿ ಕರೆಸಿ ದೊಡ್ಡ ಊರಿಗೆ ಕಳಿಸಿದೆ, ಭಾಗ ಹೊರದೇಶದಿಂದ ಬರಬೇಕು ಅಂದರು. ಭಾಗ ಬಂದು ಗಾಡಿ ಮನೆಗೆ ಬರೋ ಹೊತ್ತಿಗೆ ಹಬ್ಬ ಮುಗಿದಿತ್ತು. ಆದ್ದರಿಂದ ಇನ್ನೋವಾ ಮಾರಬೇಡಿ. ಇದು ನನ್ನ ಒಂದೇ ಗಟ್ಟಿ ಸಲಹೆ. ಇಂಥ ಹಳೇ ಗಾಡಿ ಎರಡನೇ ಗಾಡಿಯಾಗಿ ಇದ್ದರೆ ಖುಷಿ ಕೊಡುತ್ತದೆ, ಒಂದೇ ಗಾಡಿಯಾಗಿ ಇದ್ದರೆ ಜೀವ ತಿನ್ನುತ್ತದೆ.

ವಿಮೆ ಬಗ್ಗೆ ಯಾರೂ ಹೇಳಿಲ್ಲ. ಆರ್‌ಸಿ ನಿಮ್ಮ ಹೆಸರಿಗೆ ಬಂದರೂ ಪಾಲಿಸಿ ಹಳಬರ ಹೆಸರಲ್ಲೇ ಇದ್ದರೆ ಸ್ವಂತ ಗಾಡಿಗೆ ಆದ ಹಾನಿಗೆ ಕ್ಲೇಮ್ ಸಿಗಲ್ಲ. 14 ದಿನದ ಒಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ) ನಿಮಗೆ ಬರಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಹಾಗಾಗಿ ಡೀಲರ್ ತೋರಿಸೋ ಈಗಿನ ಪ್ರೀಮಿಯಂ ನೋಡಿ ಖುಷಿ ಪಡಬೇಡಿ. ಎಂಟು ವರ್ಷದ ಗಾಡಿಗೆ ಜೀರೋ ಡೆಪ್ (ಸವಕಳಿ ಕಳೆಯದೆ ಭಾಗದ ಹಣ ಕೊಡೋ ವಿಮೆ) ಕೊಡೋ ಕಂಪನಿ ಸಿಗೋದೂ ಕಷ್ಟ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಹಣ ನಿಮ್ಮ ಜೇಬಿಂದ. ಬಂಪರ್ ಪ್ಲಾಸ್ಟಿಕ್ಕೇ ಅಲ್ವಾ.

ಸಿಂಪಲ್_ಸಿದ್ದ:

ಗುರು, 30 ಲಕ್ಷ ಇಟ್ಟುಕೊಂಡು ಒಂಬತ್ತು ವರ್ಷದ ಗಾಡಿ ಯಾಕೆ? ಅದೇ ದುಡ್ಡಿಗೆ ಹೊಸ ಇನ್ನೋವಾ ಹೈಕ್ರಾಸ್ ಹತ್ತಿರ ಹತ್ತಿರ ಬರುತ್ತೆ. ವಾರಂಟಿ ಇದೆ, ಶಿವಮೊಗ್ಗದಲ್ಲೇ ಸರ್ವಿಸ್ ಇದೆ, ಐದು ವರ್ಷ ಆದಮೇಲೂ ಒಳ್ಳೇ ಬೆಲೆ. ಮನಸ್ಸು ಹೇಳೋದು ಬೇರೆ, ಲೆಕ್ಕ ಹೇಳೋದು ಬೇರೆ.

ಹಳೇದೇ ಬೇಕು ಅಂದರೆ ಒಂದು ವಿಷಯ ಹಿಡಿದು ಚೌಕಾಶಿ ಮಾಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ದೊಡ್ಡ ಕಾರಿನ ಮೇಲೆ ಜಿಎಸ್‌ಟಿ ಶೇ. 40 ಆಯಿತು. ಅದಕ್ಕೆ ಮೊದಲು ಸೆಸ್ ಸೇರಿ ದೊಡ್ಡ ಎಸ್‌ಯುವಿಗೆ 50 ಇತ್ತು. ಹೊಸದರ ಬೆಲೆ ಲಕ್ಷಗಟ್ಟಲೆ ಇಳಿದ ಮೇಲೆ ಹಳೇದರ ಬೆಲೆ ಇಳಿಯಲೇಬೇಕು. 2025ರ ಶುರುವಿನಲ್ಲಿ ಹಾಕಿದ ಬೆಲೆಯನ್ನೇ ಇವತ್ತೂ ಹೇಳುವ ಡೀಲರ್ ಇದ್ದಾನೆ, ಅವನಿಗೆ ಇದನ್ನು ನೆನಪಿಸಿ.

ಪಾನಾ_ಸ್ಕ್ರೂಡ್ರೈವರ್:

ಸಿದ್ದಣ್ಣ ಹೇಳಿದ್ದು ಲೆಕ್ಕದಲ್ಲಿ ಸರಿ. ಆದರೆ ಎಲ್ಲರೂ ಲೆಕ್ಕ ನೋಡಿದರೆ ನನ್ನ ಗ್ಯಾರೇಜ್ ಮುಚ್ಚಬೇಕಾಗುತ್ತದೆ 😄

ಮೂರರ ಬಗ್ಗೆ ನನ್ನ ಅಭಿಪ್ರಾಯ, ನೇರವಾಗಿ.

ಕ್ಯೂ7: ಎರಡನೇ ತಲೆಮಾರು ಇಲ್ಲಿಗೆ ಬಂದಿದ್ದು 2015ರ ಕೊನೆಗೆ. ಓಡಿಸೋಕೆ ಮೂರರಲ್ಲಿ ನನಗೆ ಇದೇ ಇಷ್ಟ. ಎಂಜಿನ್ ಗಟ್ಟಿ, ಆದರೆ ಟೈಮಿಂಗ್ ಚೈನ್ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ ಇದೆ. ಅದು ಸದ್ದು ಮಾಡೋಕೆ ಶುರು ಮಾಡಿದರೆ ಅರ್ಧ ಗಾಡಿ ಬಿಚ್ಚಬೇಕು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೊದಲ ಎರಡು ಮೂರು ಸೆಕೆಂಡ್ ಕಿವಿ ಕೊಡಿ, ಸರಪಳಿ ಅಲ್ಲಾಡಿದಂಥ ಸದ್ದು ಬಂದರೆ ಬಿಟ್ಟುಬಿಡಿ. ಗೇರ್‌ಬಾಕ್ಸ್ ಜಡ್‌ಎಫ್ ಎಂಟು ಸ್ಪೀಡ್. "ಅದರ ಆಯಿಲ್ ಲೈಫ್‌ಟೈಮ್, ಬದಲಿಸೋದು ಬೇಡ" ಅಂತ ಹೇಳುವವರು ಜಾಸ್ತಿ. ಗೇರ್‌ಬಾಕ್ಸ್ ಮಾಡಿದ ಜಡ್‌ಎಫ್‌ನವರೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಬದಲಿಸಿ ಅನ್ನುತ್ತಾರೆ. 80 ಸಾವಿರ ದಾಟಿದ ಗಾಡಿಯಲ್ಲಿ ಬದಲಿಸಿದ ಬಿಲ್ ಇದ್ದರೆ ಆ ಮಾಲೀಕರು ಗಾಡಿ ನೋಡಿಕೊಂಡಿದ್ದಾರೆ ಅಂತ ಅರ್ಥ. ಮೂರನೇ ಸಾಲು ಮಕ್ಕಳಿಗೆ ಮಾತ್ರ.

ಜಿಎಲ್‌ಎಸ್ 350ಡಿ: ಜಾಗಕ್ಕೆ ಇದೇ ರಾಜ. ಮೂರನೇ ಸಾಲಿನಲ್ಲಿ ದೊಡ್ಡವರು ನಿಜವಾಗಿಯೂ ಕೂರಬಹುದು. ಆ ಮೂರು ಲೀಟರ್ ವಿ6 ಡೀಸೆಲ್‌ನಲ್ಲಿ ಒಂದು ಹಳೇ ರೋಗ ಇದೆ, ಪ್ರಪಂಚಕ್ಕೆಲ್ಲ ಗೊತ್ತಿರೋದೇ: ಆಯಿಲ್ ಕೂಲರ್ ಎಂಜಿನ್ನಿನ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ ಕೂತಿದೆ, ಅದರ ಸೀಲ್ ಶಾಖಕ್ಕೆ ಗಟ್ಟಿಯಾಗಿ ಆಯಿಲ್ ಸೋರುತ್ತದೆ. ಸೀಲ್ ಬೆಲೆ ಏನೂ ಇಲ್ಲ. ಅದನ್ನು ಮುಟ್ಟೋಕೆ ಟರ್ಬೊ, ಇನ್‌ಟೇಕ್ ಎಲ್ಲ ಬಿಚ್ಚಬೇಕು, ಕೂಲಿಯೇ ಜಾಸ್ತಿ. ಗಾಡಿ ಎತ್ತಿಸಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಆಯಿಲ್ ಪಸೆ ಇದೆಯಾ ನೋಡಿ. ಇನ್ನೊಂದು, ಗಾಡಿ ಐದು ಮೀಟರಿಗಿಂತ ಉದ್ದ. ನಿಮ್ಮ ಕಡೆಯ ತೋಟದ ದಾರಿ, ಸಂಕ, ಮನೆ ಗೇಟು ಮೊದಲೇ ಅಳೆದುಕೊಳ್ಳಿ. ಆಗುಂಬೆ ತಿರುವಿನಲ್ಲಿ ಎದುರು ಬಸ್ ಬಂದರೆ ನೀವೇ ಹಿಂದೆ ಹೋಗಬೇಕು.

ಎಕ್ಸ್‌ಸಿ90: ನಿಮ್ಮ ವಿ6 ಆಸೆ ಇದರಲ್ಲಿ ತೀರಲ್ಲ, ಇದು ಎರಡು ಲೀಟರಿನ ನಾಲ್ಕು ಸಿಲಿಂಡರ್. ಆದರೆ ನಿಮ್ಮ ಮನೆಗೆ ಇದೇ ಸರಿ ಅಂತ ನನಗೆ ಅನಿಸುತ್ತದೆ. ಏರ್ ಸಸ್ಪೆನ್ಷನ್ ಇರೋದಾದರೆ ನಿಲ್ಲಿಸಿದಾಗ ಗಾಡಿ ತಾನೇ ತಗ್ಗುತ್ತದೆ, ಅಜ್ಜಿಗೆ ಹತ್ತೋದು ಸುಲಭ. ಮೂರನೇ ಸಾಲು 170 ಸೆಂ.ಮೀ. ಎತ್ತರದವರೆಗೆ ಅಂತ ಕಂಪನಿಯೇ ಹೇಳುತ್ತದೆ. 2017ರ ಕೊನೆಯಿಂದ ಇದನ್ನು ನಮ್ಮ ಹೊಸಕೋಟೆಯಲ್ಲೇ ಜೋಡಿಸೋಕೆ ಶುರು ಮಾಡಿದರು. ಹಾಗಂತ ಭಾಗ ಅಗ್ಗ ಅಂತ ಅಲ್ಲ, ಅದು ಬೇರೆ.

ಬಿಎಸ್6 ಡೀಸೆಲ್ ಸಿಕ್ಕರೆ ಅದೂ ಒಳ್ಳೆಯದೇ, ಆದರೆ ಅದರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್), ಆಡ್‌ಬ್ಲೂ (ಹೊಗೆ ಶುದ್ಧಿಗೆ ಬೇರೆಯಾಗಿ ತುಂಬಿಸೋ ದ್ರವ) ತಲೆನೋವು ಸೇರಿಕೊಳ್ಳುತ್ತದೆ. ಪೇಟೆಯಲ್ಲಿ ಎರಡೆರಡು ಕಿ.ಮೀ. ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ನಿಮಗೆ ಶಿವಮೊಗ್ಗದವರೆಗೆ ಉದ್ದ ಓಟ ಇದೆ, ಅಷ್ಟು ತೊಂದರೆ ಆಗಲ್ಲ.

ಯಾವುದೇ ಆಗಲಿ, 30ರಲ್ಲಿ 25ಕ್ಕೆ ಗಾಡಿ ಮುಗಿಸಿ. ಐದು ಬ್ಯಾಂಕಿನಲ್ಲಿ ಇರಲಿ. ಮೊದಲ ವರ್ಷವೇ ಅದರಲ್ಲಿ ಅರ್ಧ ಖರ್ಚಾದರೆ ಗಾಬರಿ ಆಗಬೇಡಿ, ಆಯಿಲ್, ಬ್ರೇಕ್, ಟೈರು, ಬ್ಯಾಟರಿ ಅಂತ ಹೋಗೇ ಹೋಗುತ್ತದೆ. 29ಕ್ಕೆ ಕೊಂಡು ಜೇಬು ಖಾಲಿ ಮಾಡಿಕೊಂಡವರು ಸರ್ವಿಸ್ ತಪ್ಪಿಸುತ್ತಾರೆ, ಎರಡು ವರ್ಷಕ್ಕೆ ಅದೇ ಗಾಡಿ ಮತ್ತೆ ಮಾರೋಕೆ ಬರುತ್ತದೆ. ನಾನು ನೋಡುತ್ತಲೇ ಇರ್ತೀನಿ.

ತೀರ್ಥಹಳ್ಳಿ_ಅಡಿಕೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಓದಿ ಹೇಳಿದೆ. ಇನ್ನೋವಾ ಮಾರಲ್ಲ ಅಂತ ಅಪ್ಪ ಮೊದಲೇ ಹೇಳಿದ್ದರು, ಈಗ ಅವರಿಗೆ ಇನ್ನೂ ಬಲ ಬಂತು. ಬೆಂಗಳೂರಿನಲ್ಲಿ ಒಂದು 2018ರ ಎಕ್ಸ್‌ಸಿ90 ಇದೆ, ಒಬ್ಬರೇ ಮಾಲೀಕರು, ಕೆಎ 03, ಡೀಲರ್ ಅಲ್ಲ, ನೇರ ಮನೆಯವರೇ. 27.5 ಹೇಳುತ್ತಿದ್ದಾರೆ. ಈ ಶನಿವಾರ ಹೋಗುತ್ತಿದ್ದೇನೆ. ಪಾನಾ ಅಣ್ಣ, ಗಾಡಿ ನಿಮ್ಮ ಗ್ಯಾರೇಜ್‌ಗೆ ತಂದರೆ ನೋಡಿಕೊಡುತ್ತೀರಾ? ಫೀಸ್ ಎಷ್ಟಾದರೂ ಪರವಾಗಿಲ್ಲ.

ಪಾನಾ_ಸ್ಕ್ರೂಡ್ರೈವರ್:

ಬನ್ನಿ, ಮೆಸೇಜ್ ಹಾಕಿ. ಬೆಳಿಗ್ಗೆ ಎಂಟಕ್ಕೆ ಮೊದಲೇ ಅವರ ಮನೆಗೆ ಹೋಗಿ. ನೀವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಬೆಚ್ಚಗಿದೆ ಅಂತ ಕೇಳಿ, ಆಮೇಲೆ ಬೇರೆ ಮಾತು. ಮತ್ತೆ 27.5 ಜಾಸ್ತಿ, 25ರಿಂದ ಶುರು ಮಾಡಿ.